ಇನ್ನೊಂದು ಸಲ

ಆದಿಪುರಾಣದಲ್ಲಿ ಭರತ-ಬಾಹುಬಲಿಯರ ಜಗಳವಿದೆ, ವೈರಾಗ್ಯವಿದೆ, ನೀಲಾಂಜನೆ ಕುಣಿಯುತ್ತಿದ್ದಂತೆಯೇ ಇಲ್ಲವಾಗುವ ಆ ಬೆಚ್ಚಿಬೀಳಿಸುವ ಗಳಿಗೆಯಿದೆ. ಪಂಪನನ್ನು ಕೈಗೆತ್ತಿಕೊಂಡವರೆಲ್ಲ ಅಲ್ಲಿಗೇ ಓಡುತ್ತಾರೆ. ನನಗೆ ಮಾತ್ರ ನೀಲಾಂಜನೆಗಿಂತ ಸ್ವಲ್ಪ ಮುಂಚೆ ಬರುವ ಮನೆಯೊಳಗಿನ ಒಂದು ಚಿತ್ರದ ಹತ್ತಿರ ಕಾಲು ನಿಂತುಬಿಡುತ್ತದೆ. ಅಪ್ಪ ವೃಷಭದೇವ. ಮಕ್ಕಳು ಬ್ರಾಹ್ಮಿ ಮತ್ತು ಸುಂದರಿ. ಒಂಬತ್ತನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಜಿನಸೇನರು ಈ ಸಂದರ್ಭವನ್ನು ನಿಧಾನವಾಗಿ ಹೇಳುತ್ತಾರೆ: ತಂದೆ ಇಬ್ಬರು ಹೆಣ್ಣುಮಕ್ಕಳನ್ನೂ ತೊಡೆಯ ಮೇಲೆ ಕೂರಿಸಿಕೊಂಡು ಮುದ್ದಿಸಿ, ಅಗಲವಾದ ಚಿನ್ನದ ಹಲಗೆಯ ಮೇಲೆ ಬಲಗೈಯಿಂದ ಅಕ್ಷರವನ್ನೂ ಎಡಗೈಯಿಂದ ಅಂಕಿಯನ್ನೂ ಬರೆದು ತೋರಿಸುತ್ತಾನೆ. ಬ್ರಾಹ್ಮಿಗೆ ಲಿಪಿ, ಸುಂದರಿಗೆ ಗಣಿತ. ಪಂಪ 941ರಲ್ಲಿ ಈ ಕಥೆಯನ್ನು ಕನ್ನಡಕ್ಕೆ ತಂದ.

ರಾಜನ ಮನೆಯಲ್ಲಿ ಗುರುಗಳಿಗೇನು ಬರವೇ? ಆದರೂ ಅಪ್ಪನೇ ಕೂತ. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೆ. ಭರತನಿಗೆ ಅರ್ಥಶಾಸ್ತ್ರ ಮತ್ತು ನಾಟ್ಯ; ಇನ್ನೊಬ್ಬನಿಗೆ ಸಂಗೀತ, ಮತ್ತೊಬ್ಬನಿಗೆ ಚಿತ್ರಕಲೆ; ಬಾಹುಬಲಿಗೆ ಆಯುರ್ವೇದ, ಬಿಲ್ವಿದ್ಯೆ, ಆನೆ ಕುದುರೆಗಳ ಲಕ್ಷಣ, ರತ್ನಪರೀಕ್ಷೆ. ಮಗುವನ್ನು ನೋಡಿ ಪಾಠ ಆರಿಸಿದ ಹಾಗೆ ಕಾಣುತ್ತದೆ. ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ 981ರ ಸುಮಾರಿಗೆ ಚಾವುಂಡರಾಯ ನಿಲ್ಲಿಸಿದ, 58 ಅಡಿ ಎತ್ತರದ ಆ ಮಹಾಮೂರ್ತಿಯನ್ನು ಕತ್ತೆತ್ತಿ ನೋಡುವಾಗ, ಇವನೂ ಒಂದು ಕಾಲಕ್ಕೆ ಮನೆಯಲ್ಲೇ ಪಾಠ ಹೇಳಿಸಿಕೊಂಡ ಹುಡುಗ ಎಂಬುದು ನೆನಪಾಗಿ ನನಗೆ ಸಣ್ಣಗೆ ನಗು ಬರುತ್ತದೆ.

ಈಗ ನಮ್ಮ ಮನೆಯಲ್ಲೂ ಅಂಥದ್ದೊಂದು ಪಾಠ ನಡೆಯುತ್ತಿದೆ. ನನ್ನ ಮಗಳು ತನ್ನ ಮಗಳನ್ನು ಆರು ತುಂಬುವ ತನಕ ಶಾಲೆಗೆ ಕಳಿಸುವುದಿಲ್ಲವೆಂದು ಹಟ ಹಿಡಿದು ಕೂತಿದ್ದಾಳೆ. ಚಿನ್ನದ ಹಲಗೆಯಿಲ್ಲ, ಸ್ಲೇಟಿದೆ. ಶಾಲೆಯ ಮೇಲೆ ನನಗೇನೂ ಮುನಿಸಿಲ್ಲ. ನಾನು ಕಲಿತದ್ದೂ ಕಲಿಸಿದ್ದೂ ಅಲ್ಲೇ. ಆದರೆ ಶಾಲೆ ಮಾಡಲಾರದ ಒಂದನ್ನು ಮನೆ ಮಾಡಬಲ್ಲದು ಎನ್ನುವುದನ್ನು ಈ ಎಳೆಯಳ ಪಕ್ಕ ಕೂತು ಸವಿಯುತ್ತಿದ್ದೇನೆ. ಅದು, ಒಂದೇ ಸಂಗತಿಯ ಹತ್ತಿರ ಮತ್ತೆ ಮತ್ತೆ ಹೋಗುವ ಸುಖ. ಶಾಲೆಯಲ್ಲಿ ಮೂರನೆಯ ಪಾಠ ಮುಗಿದರೆ ನಾಲ್ಕನೆಯದು. ಹಿಂದಕ್ಕೆ ಹೋದವನು ಹಿಂದುಳಿದವನು. ಮನೆಯಲ್ಲಿ ಮಗು 'ಇನ್ನೊಂದ್ಸಲ' ಅಂದರೆ ಇನ್ನೊಂದು ಸಲ.

ಈ ಸುಖಕ್ಕೆ ನಾವು ಕಂಡುಕೊಂಡಿರುವ ಜಾಗ ಜಿನನಾಥಪುರ. ಬೆಳಗೊಳಕ್ಕೆ ಬರುವವರಲ್ಲಿ ಬಹುಪಾಲು ಜನ ದೊಡ್ಡಬೆಟ್ಟ ಹತ್ತಿ ಇಳಿದು, ಕಾಲು ನೋವೆಂದು ಎಳನೀರು ಕುಡಿದು ಬಸ್ಸು ಹತ್ತುತ್ತಾರೆ. ಚಿಕ್ಕಬೆಟ್ಟಕ್ಕೆ ಹೋಗುವವರು ಕಡಿಮೆ. ಅದರ ಬೆನ್ನಿಗೆ, ಉತ್ತರಕ್ಕೆ ಒಂದು ಮೈಲಿಯಷ್ಟು ದೂರದಲ್ಲಿರುವ ಈ ಹಳ್ಳಿಗೆ ಬರುವವರು ಇನ್ನೂ ಕಡಿಮೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಹನ್ನೆರಡನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಊರಿದು. ಇಲ್ಲಿಯ ಶಾಂತಿನಾಥ ಬಸದಿ 1200ರ ಸುಮಾರಿನದು. ಕಟ್ಟಿಸಿದವನು ರೇಚಿಮಯ್ಯ, ಮೊದಲು ಕಳಚುರಿಗಳ ಬಳಿ ದಂಡನಾಯಕನಾಗಿದ್ದು, ಆಮೇಲೆ ಇಮ್ಮಡಿ ಬಲ್ಲಾಳನಲ್ಲಿಗೆ ಬಂದವನು. 'ವಸುಧೈಕಬಾಂಧವ' ಎಂಬ ಬಿರುದು ಅವನಿಗೆ.

ಜೈನ ಬಸದಿಗಳ ಹೊರಗೋಡೆ ಸಾಮಾನ್ಯವಾಗಿ ಸಪ್ಪೆ. ಅದು ಬೇಕೆಂದೇ ಇಟ್ಟ ಸಪ್ಪೆ. ಒಳಗಿರುವವನು ಎಲ್ಲ ಬಿಟ್ಟವನಲ್ಲವೇ. ಈ ಬಸದಿ ಮಾತ್ರ ಆ ಮಾತು ಕೇಳಿಲ್ಲ. ಸುತ್ತ ಗೋಡೆಯ ಮೇಲೆ ಜಿನರು, ಯಕ್ಷ-ಯಕ್ಷಿಯರು, ಸರಸ್ವತಿ, ಮನ್ಮಥ, ಮೋಹಿನಿ, ಮದ್ದಲೆ ಬಾರಿಸುವವರು, ಕುಣಿಯುವವರು, ಒಬ್ಬೊಬ್ಬರ ತಲೆಯ ಮೇಲೂ ಎಲೆಬಳ್ಳಿಯ ಚಪ್ಪರ. ಬೇಲೂರು ಹಳೇಬೀಡುಗಳ ಗೋಡೆ ಎದುರು ಇದು ಚಿಕ್ಕದು. ಅದೇ ಇದರ ಗುಣ ಅನ್ನಿಸಿದೆ ನನಗೆ. ಹಳೇಬೀಡಿನ ಮುಂದೆ ದೊಡ್ಡವರೇ ಸೋತು ಸುಸ್ತಾಗುತ್ತಾರೆ. ಐದು ವರ್ಷದ ಮಗು ಹತ್ತು ನಿಮಿಷದಲ್ಲಿ ಐಸ್‌ಕ್ರೀಮಿನ ಕಡೆ ಕತ್ತು ತಿರುಗಿಸುತ್ತದೆ. ಇಲ್ಲಿಯ ಗೋಡೆ ಮಗು ಒಂದು ಬೆಳಗ್ಗೆಯಲ್ಲಿ ಸುತ್ತಿ ಮುಗಿಸಬಹುದಾದಷ್ಟು ಉದ್ದ. ಮುಗಿಸಿದ್ದರಿಂದಲೇ ಮತ್ತೆ ಮೊದಲಿನಿಂದ ಶುರುಮಾಡಬೇಕು ಅನ್ನಿಸುತ್ತದೆ.

ನಾವು ಹೆಸರು ಹೇಳಿಕೊಡುವುದಿಲ್ಲ. ಒಂದು ಸಲ ಬಂದಾಗ ಬರೀ ಮದ್ದಲೆ ಹುಡುಕುವುದು. ಇನ್ನೊಂದು ಸಲ ಬರೀ ಕಾಲಂದಿಗೆ, ಯಾರ ಕಾಲಲ್ಲಿ ಎಷ್ಟು ಎಳೆ ಎಂದು. ಮತ್ತೊಂದು ಸಲ ಚಪ್ಪರದ ಬಳ್ಳಿಗಳು: ಯಾವುದು ಎತ್ತ ಸುರುಳಿ ಸುತ್ತಿದೆ, ಮಧ್ಯೆ ಹೂವೋ ಕಾಯೋ. ಮಗು ಗೋಡೆಯನ್ನು ಓದುವುದು ಹೀಗೆ, ಒಂದು ಅಕ್ಷರ ಹಿಡಿದು. ಒಮ್ಮೆ ಅವಳು ಕುಣಿಯುವವರ ನಡುವೆ ಕೈ ಇಳಿಬಿಟ್ಟು ನೆಟ್ಟಗೆ ನಿಂತ ಜಿನನ ಮುಂದೆ ನಿಂತು, 'ಅಜ್ಜೀ, ಇವ್ರು ಮಾತ್ರ ಯಾಕೆ ಕುಣೀತಿಲ್ಲ?' ಅಂದಳು. ಈ ಬಸದಿಯ ಇಡೀ ಸೊಗಸು ಆ ಪ್ರಶ್ನೆಯಲ್ಲಿದೆ. ಅಷ್ಟು ಗದ್ದಲದ ನಡುವೆ ಅಷ್ಟು ಸುಮ್ಮನಿರುವುದನ್ನು ಕೆತ್ತಿದ ಶಿಲ್ಪಿಗೆ ಎರಡೂ ಇಷ್ಟವಾಗಿತ್ತು ಎಂದು ಕಾಣುತ್ತದೆ. ನಾನು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಮುಂದಿನ ಸಲ ಅವಳು ಅಲ್ಲಿ ನಿಲ್ಲುತ್ತಿರಲಿಲ್ಲ.

ಒಂದು ಸಂಗತಿ ಮಾತ್ರ ಹೇಳದೆ ಇರಲಾಗಲಿಲ್ಲ. ಹೊಯ್ಸಳರು ಇಷ್ಟು ನಯವಾಗಿ ಕೆತ್ತಿದ್ದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆಲ್ಲ ಗಟ್ಟಿಯಾಗುವ ಕಲ್ಲು. ಸ್ಲೇಟಿನ ಮೇಲೆ ಅ ಆ ತಿದ್ದುವ ಬಳಪವೂ ಅದೇ ಜಾತಿಯ ಕಲ್ಲಿನದು. ಅಂದಿನಿಂದ ಅವಳು ಬಳಪದ ತುಂಡನ್ನು ಸೂಜಿಯಿಂದ ಕೆರೆದು 'ದೇವಸ್ಥಾನ' ಮಾಡುತ್ತಿದ್ದಾಳೆ. ಬಳಪಗಳೆಲ್ಲ ಖಾಲಿ.

ಒಳಗೆ ಶಾಂತಿನಾಥ. ಹದಿನಾರನೆಯ ತೀರ್ಥಂಕರ, ಲಾಂಛನ ಜಿಂಕೆ. ಲಾಂಛನ ಎಂದಾಗ ಮಗಳು ಮಾಡಿದ ಇಸ್ಪೀಟೆಲೆಗಳ ನೆನಪಾಯಿತು. ಇಪ್ಪತ್ತನಾಲ್ಕು ತೀರ್ಥಂಕರರಿಗೆ ಇಪ್ಪತ್ತನಾಲ್ಕು ಗುರುತು: ಆದಿನಾಥನಿಗೆ ಎತ್ತು, ಅಜಿತನಿಗೆ ಆನೆ, ಸಂಭವನಿಗೆ ಕುದುರೆ, ಅಭಿನಂದನನಿಗೆ ಕೋತಿ, ಚಂದ್ರಪ್ರಭನಿಗೆ ಚಂದ್ರ, ಪುಷ್ಪದಂತನಿಗೆ ಮೊಸಳೆ, ಮುನಿಸುವ್ರತನಿಗೆ ಆಮೆ, ನೇಮಿನಾಥನಿಗೆ ಶಂಖ, ಪಾರ್ಶ್ವನಾಥನಿಗೆ ಹಾವು, ಮಹಾವೀರನಿಗೆ ಸಿಂಹ. ಮದುವೆ ಕರೆಯೋಲೆಗಳ ಹಿಂಬದಿಯಲ್ಲಿ ಬರೆದ ಚಿತ್ರಗಳು. ನಾವು ಜೈನರಲ್ಲ, ಆದರೆ ಬೆಳಗೊಳದ ಆಸುಪಾಸಿನಲ್ಲಿದ್ದುಕೊಂಡು ಇದನ್ನು ಬಿಡುವುದು ಕೆರೆಯ ಪಕ್ಕದಲ್ಲಿದ್ದು ಈಜು ಕಲಿಯದೆ ಇದ್ದಂತೆ. ಆಡುತ್ತ ಆಡುತ್ತ ಅವಳು ಒಂದು ಆಕ್ಷೇಪಣೆ ತೆಗೆದಳು: ಅಷ್ಟು ದೊಡ್ಡ ಬಾಹುಬಲಿಗೆ ಯಾಕೆ ಚೀಟಿ ಇಲ್ಲ? ತೀರ್ಥಂಕರನಲ್ಲ, ಅದಕ್ಕೆ. ಆದರೂ ಅವನಿಗೆ ಮೈತುಂಬ ಗುರುತುಗಳಿವೆ: ಕಾಲ ಬಳಿ ಹುತ್ತ, ಹುತ್ತದಿಂದ ಇಣುಕುವ ಹಾವು, ತೊಡೆ ತೋಳುಗಳಿಗೆ ಹಬ್ಬಿದ ಮಾಧವೀ ಬಳ್ಳಿ. ಒಂದು ವರ್ಷ ಅಲುಗದೆ ನಿಂತವನ ಮೇಲೆ ಋತುಗಳು ಬರೆದು ಹೋದ ಲೆಕ್ಕ ಅದು. ಆ ಬಳ್ಳಿಯನ್ನು ಮಕ್ಕಳಿಗೆ ತೋರಿಸಿ 'ಇದು ಇಷ್ಟೆತ್ತರ ಬರೋದಕ್ಕೆ ಎಷ್ಟು ಮಳೆ ಬಿದ್ದಿರಬೇಕು?' ಎಂದು ಕೇಳಿ ನೋಡಿ. ನಮ್ಮವಳು ಬೆರಳು ಮಡಿಸುತ್ತ ಅಶ್ವಿನಿಯಿಂದ ಶುರುಮಾಡಿದಳು.

ಏಕೆಂದರೆ ಮನೆಯಲ್ಲಿ ಕ್ಯಾಲೆಂಡರಿನ ಜಾಗದಲ್ಲಿರುವುದು ಮಳೆಗಳ ಪಟ್ಟಿ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರಿದ್ರಾ; ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಒಂದು ನೋಟ್‌ಬುಕ್ಕಿನಲ್ಲಿ ಮಳೆಗೊಂದು ಪುಟ. ಬರೆಯಲು ಬಾರದವಳಾದ್ದರಿಂದ ಚಿತ್ರ ಮಾತ್ರ. ಭರಣಿಯಲ್ಲಿ ಹೊಂಗೆಯ ಹೂವು ನೆಲಕ್ಕೆ ಚೆಲ್ಲಿದ್ದು. ರೋಹಿಣಿಯಲ್ಲಿ ಸಂಜೆ ಮಳೆ ನಿಂತ ಮೇಲೆ ದೀಪಕ್ಕೆ ಮುತ್ತಿದ ಈಸಲು ಹುಳ, ಬೆಳಗಾದರೆ ಬಾಗಿಲ ಸಂದಿಯಲ್ಲಿ ಬರೀ ರೆಕ್ಕೆ. ಹೊಲದ ಕೆಂಪು ಮಣ್ಣಿನಲ್ಲಿ ಓಡಾಡುವ, ಮಖಮಲ್ಲು ಹೊದ್ದ ಕೆಂಪು ಹುಳ. ಇಂಗ್ಲೆಂಡಿನ ಷಾರ್ಲಟ್ ಮೇಸನ್ ಎಂಬಾಕೆ 1886ರಲ್ಲಿ ಮನೆಯ ಶಿಕ್ಷಣದ ಮೇಲೊಂದು ಪುಸ್ತಕ ಬರೆದು, ಆರು ವರ್ಷದೊಳಗಿನ ಮಕ್ಕಳಿಗೆ ಪಾಠ ಬೇಡ, ದಿನವೂ ಹಲವು ಗಂಟೆ ಬಯಲಿನಲ್ಲಿರಲಿ ಎಂದಳು. ಪ್ರಕೃತಿಯ ನೋಟ್‌ಬುಕ್ಕು ಅವಳ ಪದ್ಧತಿಯ ಜೀವಾಳ. ಮಗಳು ಆ ಪುಸ್ತಕದಿಂದಲೇ ಇದನ್ನು ಎತ್ತಿಕೊಂಡದ್ದು. ಇರಲಿ, ಆದರೆ ಮೇಸನ್ನಳಿಗೆ ಆರಿದ್ರಾ ಗೊತ್ತಿರಲಿಲ್ಲ. ಇಂಗ್ಲೆಂಡಿನ ಮಳೆಗೆ ಹೆಸರುಗಳ ಮಾಲೆ ಇಲ್ಲ. ನಮ್ಮದಕ್ಕೆ ಇದೆ, ಸರದಿ ತಪ್ಪದೆ ಬರುತ್ತದೆ, ಮಗುವಿಗೆ ಮುಂದಿನದು ಯಾವುದೆಂದು ಮೊದಲೇ ಗೊತ್ತು. ಮಳೆ ಬಾರದೆ ಹೋದರೂ ಹೆಸರಂತೂ ಬಂದೇ ಬರುತ್ತದೆ. ಬಯಲುಸೀಮೆಯ ಅಂಚಿನ ಈ ತಾಲ್ಲೂಕಿನಲ್ಲಿ ಅಂಥ ಖಾಲಿ ಪುಟಗಳೂ ನೋಟ್‌ಬುಕ್ಕಿನಲ್ಲಿ ಇವೆ. ಅವನ್ನೂ ಹರಿಯಬಾರದೆಂದು ಕಟ್ಟಪ್ಪಣೆ.

ರಾಗಿಯಂತೂ ವರ್ಷಕ್ಕೆ ಎರಡು ಸಲ ಪಾಠವಾಗುತ್ತದೆ. ಹೊಲದಲ್ಲಿ ದೊಡ್ಡದಾಗಿ, ನವರಾತ್ರಿಯಲ್ಲಿ ಚಿಕ್ಕದಾಗಿ. ಬೊಂಬೆ ಕೂರಿಸುವ ನಮ್ಮ ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ತಟ್ಟೆಗೆ ಮಣ್ಣು ತುಂಬಿ ರಾಗಿ ಚೆಲ್ಲಿ, ಹಬ್ಬದ ಹೊತ್ತಿಗೆ ಹಸಿರೇಳಿಸಿ 'ಪಾರ್ಕು' ಮಾಡುತ್ತೇವಲ್ಲ, ಅದರಷ್ಟು ಸೊಗಸಾದ ಸಸ್ಯಶಾಸ್ತ್ರದ ಪಾಠ ನನಗೆ ಗೊತ್ತಿಲ್ಲ. ಮೊಳಕೆ ಮೊದಲು ಬಗ್ಗಿ, ಆಮೇಲೆ ನೆಟ್ಟಗಾಗಿ, ಕಿಟಕಿಯ ಕಡೆ ವಾಲಿ, ತಟ್ಟೆ ತಿರುಗಿಸಿದರೆ ಮತ್ತೆ ಇತ್ತ ವಾಲುತ್ತದೆ. ಮಗು ದಿನಕ್ಕೆ ನಾಲ್ಕು ಸಲ ತಟ್ಟೆ ತಿರುಗಿಸಿ ಪಾಪ ರಾಗಿಯನ್ನು ತಬ್ಬಿಬ್ಬು ಮಾಡುತ್ತದೆ. ಆ ಹೊತ್ತಿಗೆ ಹೊಲದಲ್ಲಿ ರಾಗಿ ತೆನೆಗಟ್ಟುತ್ತಿರುತ್ತದೆ. ತಟ್ಟೆಯದು ಯಾಕೆ ತೆನೆ ಬಿಡಲಿಲ್ಲ ಎಂಬ ಪ್ರಶ್ನೆ ಬಂದರೆ ಕೊಯ್ಲಿನ ತನಕ ಕಾಯಿಸಬಹುದು. ಆಮೇಲೆ ಮೆದೆ, ಕಣ, ಅವರೆಯ ಸೊಗಡು, ಎಳ್ಳು-ಬೆಲ್ಲ. ಅಲ್ಲಿಂದ ಹುಣಸೆ. ಹುಣಸೆ ಬಡಿದು ಬೀಜ ಬಿಡಿಸಿದ ಮೇಲೆ ಅಳಗುಳಿಮನೆ ಹೊರಬರುತ್ತದೆ: ಹದಿನಾಲ್ಕು ಗುಳಿ, ಹಿಡಿ ಬೀಜ, ಹಂಚುತ್ತ ಹೋಗಿ ಖಾಲಿ ಗುಳಿಯ ಮುಂದಿನದನ್ನು ಬಾಚುವುದು. ಸುಂದರಿಯ ಪಾಠ ನಮ್ಮಲ್ಲಿ ಇದೇ. ಕೂಡುವುದು ಕಳೆಯುವುದನ್ನು ಯಾರೂ ಹೇಳಿಕೊಡಲಿಲ್ಲ. ಸೋಲುವುದು ಬೇಡವೆಂದು ಅವಳೇ ಎಣಿಸತೊಡಗಿದಳು. ಎಡಗೈಯಲ್ಲಿ ಹಂಚುತ್ತಾಳೆ. ಅದನ್ನು ಕಂಡು ನನಗೆ ಜಿನಸೇನರು ನೆನಪಾದರು, ಅವಳು ಎಡಚಿಯೆಂದು ಅವಳಮ್ಮನಿಗೆ ಚಿಂತೆಯಾಯಿತು.

ಪುಸ್ತಕದ ವಿಷಯಕ್ಕೆ ಬರುತ್ತೇನೆ. ಕನ್ನಡದ ಮಕ್ಕಳಿಗೆ ಬರೆದವರು ಕಿವಿಗೆ ಬರೆದರು. ಪಂಜೆ ಮಂಗೇಶರಾಯರು, 'ಹೊಯ್ಸಳ' ಎಂಬ ಕಾವ್ಯನಾಮದ ಕವಿ, ರಾಜರತ್ನಂ ಎಲ್ಲರೂ. ಕುಡುಕ ರತ್ನನ ಬಾಯಲ್ಲಿ ಪದ ಹಾಡಿಸಿದ ರಾಜರತ್ನಂ ಅವರ ಲೇಖನಿಯೇ ತುತ್ತೂರಿಯ ಪದ್ಯವನ್ನೂ ಬರೆದದ್ದು ಎನ್ನುವುದು ನನಗೆ ಇಂದಿಗೂ ಬೆರಗು. ಎರಡರಲ್ಲೂ ನಾಲಿಗೆಗೆ ಸಿಗುವ ಸುಖ ಒಂದೇ ಜಾತಿಯದು. ಹುಡುಗ ಊದಿಕೊಂಡು ಹೊರಟ ಬಣ್ಣದ ತುತ್ತೂರಿ ಕೊಳದ ನೀರಿಗೆ ಜಾರುವ ಸಾಲು ಬರುವ ಮೊದಲೇ ನಮ್ಮವಳ ಮುಖದಲ್ಲಿ ನಗು ಶುರುವಾಗುತ್ತದೆ. ಮುಂದೆ ಏನಾಗುತ್ತದೆಂದು ಗೊತ್ತಿಲ್ಲದವರ ನಗುವಲ್ಲ ಅದು, ಚೆನ್ನಾಗಿ ಗೊತ್ತಿರುವವರದು. ಗಮಕಿಗಳು ಗದುಗಿನ ಭಾರತ ಓದುವಾಗ ಹಳ್ಳಿಯ ಜಗಲಿಯಲ್ಲಿ ಕೂತ ಮುದುಕರ ಮುಖದಲ್ಲಿ ಕಂಡ ನಗುವೇ ಇದು. ದ್ರೌಪದಿಗೆ ಏನಾಗುತ್ತದೆ, ಕರ್ಣ ಯಾರ ಮಗ ಎಂದು ತಿಳಿಯಲು ಯಾರೂ ಬಂದವರಲ್ಲ. ಕೊನೆ ತಿಳಿದ ಮೇಲೆ ಕಥೆ ಮುಗಿಯಿತು ಎನ್ನುವುದು ಈಚಿನ ಅಭ್ಯಾಸ. ರಸಿಕರು ಹಾಗೆ ಓದಿದವರೇ ಅಲ್ಲ, ಮಕ್ಕಳಂತೂ ಖಂಡಿತ ಅಲ್ಲ.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯ ಮೂಲ ಬ್ರೌನಿಂಗನ ಇಂಗ್ಲಿಷ್ ಪದ್ಯ. ಅದನ್ನು ತುಂಗೆಯ ದಡಕ್ಕೆ ತಂದ ಮೇಲೆ ಇಲಿಗಳೆಲ್ಲ ಮಲೆನಾಡಿನ ಇಲಿಗಳಾದವು. ಇಲಿಗಳ ಪಟ್ಟಿ ಬರುವ ಭಾಗವನ್ನು ಉಸಿರು ಬಿಡದೆ ಓದಬೇಕು. ನಡುವೆ ಉಸಿರು ತೆಗೆದುಕೊಂಡರೆ ಮತ್ತೆ ಮೊದಲಿನಿಂದ. ಅಷ್ಟು ಗಲಾಟೆಯ ಕೊನೆಗೆ ಹಿಂದುಳಿಯುವ ಕುಂಟ ಹುಡುಗನ ಹತ್ತಿರ ಬಂದಾಗ ಮಾತ್ರ ಅವಳು ಪುಟ ತಿರುವಲು ಬಿಡುವುದಿಲ್ಲ. ಕುವೆಂಪು ಅವರಿಗೂ ಮೊದಲ ಪಾಠ ಕುಪ್ಪಳಿಯ ಮನೆಯಲ್ಲೇ ಆದದ್ದು, ದಕ್ಷಿಣ ಕನ್ನಡದ ಕಡೆಯಿಂದ ಕರೆಸಿಕೊಂಡ ಒಬ್ಬ ಐಗಳಿಂದ. ಶಿವರಾಮ ಕಾರಂತರ 'ಬಾಲಪ್ರಪಂಚ' 1936ರದು, ಮೂರು ಸಂಪುಟ. ಅದರ ಮಾಹಿತಿ ಎಷ್ಟೋ ಹಳತಾಗಿದೆ, ಮಗುವಿನ ಜತೆ ಮಾತಾಡುವ ಆ ನೆಟ್ಟಗಿನ ದನಿ ಹಳತಾಗಿಲ್ಲ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ದೊಡ್ಡವರ ಪುಸ್ತಕ ಅನ್ನುತ್ತಾರೆ. ಅದರಲ್ಲಿ ಅವರೇ ಬರೆದ ಚಿತ್ರಗಳಿವೆ. ಓದಲು ಬಾರದವರಿಗೆ ಅಷ್ಟು ಸಾಕು.

ಜಿನನಾಥಪುರದಿಂದ ಹಿಂದಿರುಗುವಾಗ ಮಗುವಿನ ಕಾಲಲ್ಲಿ ಶಕ್ತಿ ಉಳಿದಿದ್ದರೆ ಚಿಕ್ಕಬೆಟ್ಟ ಹತ್ತುವುದು. ಬಂಡೆಯ ಮೇಲಿನ ಶಾಸನಾಕ್ಷರಗಳಲ್ಲಿ ಅತ್ಯಂತ ಹಳೆಯವು ಸುಮಾರು 1400 ವರ್ಷ ಹಿಂದಿನವು. ಅವು ಬ್ರಾಹ್ಮಿಯ ಮೊಮ್ಮಕ್ಕಳು ಎಂದು ನಾನು ಕಥೆ ಕಟ್ಟಿದ್ದೇನೆ, ಲಿಪಿ ಬಲ್ಲವರು ಬಹಳ ಆಕ್ಷೇಪಿಸಲಾರರು. ಅಲ್ಲೇ ಚಂದ್ರಗುಪ್ತ ಬಸದಿಯ ಮುಂದೆ ಎರಡು ಕಲ್ಲಿನ ಜಾಲಂಧ್ರಗಳಿವೆ. ದಾಸೋಜನೆಂಬ ಶಿಲ್ಪಿ ಅವುಗಳಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತರ ಕಥೆಯನ್ನು 90 ಪುಟ್ಟ ಚೌಕಗಳಲ್ಲಿ ಕೆತ್ತಿದ್ದಾನೆ. ಚೌಕ ಚೌಕವಾಗಿ ಚಿತ್ರಕಥೆ ಓದಿ ಅಭ್ಯಾಸವಿರುವ ಮಗುವಿಗೆ ಇದರ ವ್ಯಾಕರಣ ಯಾರೂ ಬಿಡಿಸಿ ಹೇಳಬೇಕಿಲ್ಲ.

ನನ್ನ ಮನಸ್ಸು ಹೆಚ್ಚು ತಂಗುವುದು ಕೆಳಗೆ, ಊರೊಳಗಿನ ಮಠದ ಗೋಡೆಯ ಮೇಲಿನ ಒಂದು ಬಣ್ಣದ ಚಿತ್ರದಲ್ಲಿ. ಒಂದು ಮರ, ಆರು ಜನ. ಷಡ್ಲೇಶ್ಯೆಗಳ ಚಿತ್ರ. ಕಥೆಯಲ್ಲಿ ಅದು ಜಂಬೂವೃಕ್ಷ, ನಮ್ಮ ನೇರಳೆ. ಹಸಿದ ಆರು ಜನ ಹಣ್ಣು ತುಂಬಿದ ಮರ ಕಂಡರು. ಒಬ್ಬ ಬುಡಕ್ಕೇ ಕೊಡಲಿ ಹಾಕೋಣ ಎಂದ. ಇನ್ನೊಬ್ಬ ದೊಡ್ಡ ಕೊಂಬೆ ಸಾಕು ಎಂದ. ಮೂರನೆಯವನು ಸಣ್ಣ ರೆಂಬೆ, ನಾಲ್ಕನೆಯವನು ಗೊಂಚಲು, ಐದನೆಯವನು ಬರೀ ಮಾಗಿದ ಹಣ್ಣು. ಆರನೆಯವನು ಕೆಳಗೆ ಬಿದ್ದದ್ದನ್ನು ಹೆಕ್ಕಿದರೆ ಆಯಿತಲ್ಲ ಎಂದ. ಮೊದಲನೆಯವನ ಆತ್ಮಕ್ಕೆ ಕಪ್ಪು ಬಣ್ಣ, ಆರನೆಯವನದಕ್ಕೆ ಬಿಳುಪು, ನಡುವಿನವರಿಗೆ ನಡುವಿನ ಬಣ್ಣಗಳು. ತತ್ತ್ವವನ್ನು ಬಣ್ಣದ ಪೆಟ್ಟಿಗೆಯಿಂದ ಹೇಳಿದ ಆ ಯುಕ್ತಿಗೆ ತಲೆದೂಗಬೇಕು. ಇದನ್ನು ತೋರಿಸಬೇಕಾದದ್ದು ಆರಿದ್ರೆ ಪುನರ್ವಸುವಿನಲ್ಲಿ, ನೇರಳೆ ಉದುರುವಾಗ. ಅಂಗೈ ನಾಲಿಗೆ ಎಲ್ಲ ನೀಲಿಯಾದ ಮಗು ಚಿತ್ರದ ಮುಂದೆ ನಿಂತು, ಬಿದ್ದ ಹಣ್ಣಿಗೆ ಮಣ್ಣು ಮೆತ್ತಿರುತ್ತದೆ, ಇರುವೆ ಇರುತ್ತದೆ, ಆದ್ದರಿಂದ ಐದನೆಯವನೇ ಸರಿ ಎಂದು ವಾದಿಸಿತು. ಮರಕ್ಕೆ ನೋವಾಗಬಾರದು ಎಂದು ಅಮ್ಮ, ಹಣ್ಣನ್ನು ಬಿಡಿಸಿದರೆ ಮರಕ್ಕೇನೂ ಆಗದು ಎಂದು ಮಗಳು. ಜೈನ ಶಾಸ್ತ್ರಕ್ಕಿಂತ ನೇರಳೆ ಮರದ ಬಗ್ಗೆ ಅವಳಿಗೆ ಹೆಚ್ಚು ಗೊತ್ತಿತ್ತು, ನಾನು ಸುಮ್ಮನಿದ್ದೆ.

ಈ ಮಳೆಗಾಲದ ಬಾಗಿಲಲ್ಲೇ, ಜ್ಯೇಷ್ಠ ಶುದ್ಧ ಪಂಚಮಿಯಂದು, ಶ್ರುತಪಂಚಮಿ ಬರುತ್ತದೆ. ಧರಸೇನಾಚಾರ್ಯರು ಬಾಯಿಂದ ಬಾಯಿಗೆ ಬಂದ ಆಗಮ ಮರೆತುಹೋದೀತೆಂದು ಪುಷ್ಪದಂತ, ಭೂತಬಲಿ ಎಂಬಿಬ್ಬರನ್ನು ಕರೆಸಿ ಕಲಿಸಿದರು. ಅವರು ಬರೆದ 'ಷಟ್ಖಂಡಾಗಮ' ಪೂರ್ಣವಾದ ದಿನವೆಂದು ದಿಗಂಬರರು ಇದನ್ನು ಆಚರಿಸುತ್ತಾರೆ. ಅಂದು ಹೊತ್ತಗೆಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ಬಟ್ಟೆ ಸುತ್ತಿ ಪೂಜಿಸುವ ರೂಢಿ. ಮಳೆಯ ತೇವ ಶುರುವಾಗುವ ಮೊದಲು ತಾಳೆಗರಿಗೆ ಗಾಳಿ ಆಡಬೇಕೆಂಬ ಲೆಕ್ಕಾಚಾರವನ್ನು ಹಬ್ಬ ಮಾಡಿದ ಹಿರಿಯರು ಜಾಣರು. ನಾವೂ ಕದ್ದುಕೊಂಡಿದ್ದೇವೆ. ಮಗುವಿನ ಪುಸ್ತಕಗಳೆಲ್ಲ ಚಾಪೆಯ ಮೇಲೆ. ಬೆಳ್ಳಿಹುಳ ಹುಡುಕುವುದು, ಕಿತ್ತ ರಟ್ಟಿಗೆ ಗೋಂದು, ಕಪಾಟಿಗೆ ಬೇವಿನೆಲೆ. ಒರೆಸುವ ನೆಪದಲ್ಲಿ ಒಂದೊಂದನ್ನೂ ತೆರೆಯುತ್ತಾಳೆ, ತೆರೆದಲ್ಲೇ ಕೂರುತ್ತಾಳೆ. ಸಂಜೆಯಾದರೂ ಅರ್ಧ ಪುಸ್ತಕಗಳು ಚಾಪೆಯ ಮೇಲೇ.

ಇದಕ್ಕೆ ತದ್ವಿರುದ್ಧವಾದದ್ದು ನವರಾತ್ರಿಯ ಸರಸ್ವತೀ ಪೂಜೆ. ಪುಸ್ತಕಗಳನ್ನು ಜೋಡಿಸಿಟ್ಟು, ವಿಸರ್ಜನೆಯಾಗುವ ತನಕ ಯಾರೂ ಮುಟ್ಟಕೂಡದು, ಓದಕೂಡದು. ನಮ್ಮ ಬಾಲ್ಯದಲ್ಲಿ ವರ್ಷದ ಅತ್ಯಂತ ಪ್ರಿಯವಾದ ಕಟ್ಟಳೆ ಅದೊಂದೇ. ಈಕೆ ಮಾತ್ರ ಕಳೆದ ಸಲ ಪೂಜೆಯ ರಾಶಿಯ ಮುಂದೆ ಕೂತು, ತುತ್ತೂರಿಯ ಪುಸ್ತಕ ಯಾಕೆ ಇಟ್ಟಿರಿ, ಬೇರೆ ಯಾವುದಾದರೂ ಇಡಬಹುದಿತ್ತು ಎಂದು ಜಗಳ ತೆಗೆದಳು. ಕೊನೆಗೆ ಅವಳಮ್ಮ ಅದರ ಬದಲು ತನ್ನ ಬ್ಯಾಂಕಿನ ಪಾಸ್‌ಬುಕ್ಕನ್ನು ರಾಶಿಗೆ ಸೇರಿಸಿದಳು.